ಕೆಡಿಸಿ ಕಲಿಸುವ ಲೂಪ್ ಬೆಂಚ್: ಇನ್‌ಸ್ಟ್ರುಮೆಂಟ್ ಟೆಕ್ನಿಷಿಯನ್ ತರಬೇತಿಯಲ್ಲಿ ನನ್ನ ಅನುಭವ

ಇನ್‌ಸ್ಟ್ರುಮೆಂಟೇಶನ್ ಟ್ರೈನಿಗಳಿಗೆ ಕಲಿಸುವಾಗ ನಾನು ಸೆನ್ಸರ್‌ಗಳ ಪಟ್ಟಿಯಿಂದ ಶುರುಮಾಡುವುದಿಲ್ಲ. ಒತ್ತಡ, ತಾಪ, ಹರಿವು, ಮಟ್ಟ ಎಂದು ಅಧ್ಯಾಯಗಳನ್ನು ಓದಿದವರು ಪರೀಕ್ಷೆಯಲ್ಲಿ ಚೆನ್ನಾಗಿಯೇ ಬರೆಯುತ್ತಾರೆ. ಆದರೆ ‘ಎಲ್‌ಟಿ-101 (ಮಟ್ಟ ಅಳೆದು ಕಳಿಸುವ ಟ್ರಾನ್ಸ್‌ಮಿಟರ್) ಒಂದೇ ಕಡೆ ನಿಂತುಬಿಟ್ಟಿದೆ’ ಎಂದು ಕಂಟ್ರೋಲ್ ರೂಮಿನಿಂದ ಕರೆ ಬಂದರೆ ಮೀಟರಿನ ಪ್ರೋಬ್ ಎಲ್ಲಿಡಬೇಕೆಂದು ಗೊತ್ತಾಗದೆ ನಿಲ್ಲುತ್ತಾರೆ. ಹಾಗಾಗಿ ಒಂದೇ ಒಂದು ಪೂರ್ತಿ ಲೂಪನ್ನು (ಅಳೆಯುವ ಉಪಕರಣ, ಕಂಟ್ರೋಲರ್, ವಾಲ್ವ್ ಸೇರಿದ ಸರಪಳಿಯನ್ನು) ಬೆಂಚಿನ ಮೇಲೆ ಕಟ್ಟಿ, ಅದನ್ನೇ ಬೇಕೆಂದು ಕೆಡಿಸಿ, ಹುಡುಕಿಸುವುದು ನನ್ನ ಪದ್ಧತಿ.

ಬೆಂಚಿಗೆ ಮಟ್ಟದ ಲೂಪ್ ಆರಿಸಿಕೊಂಡದ್ದು ನೀರು ಕಣ್ಣಿಗೆ ಕಾಣುತ್ತದೆ ಎಂಬ ಕಾರಣಕ್ಕೆ. ಒಳವ್ಯಾಸ 100 ಮಿ.ಮೀ., ಎತ್ತರ 1.3 ಮೀಟರ್ ಇರುವ ಪಾರದರ್ಶಕ ಅಕ್ರಿಲಿಕ್ ಕೊಳವೆಯೇ ಟ್ಯಾಂಕ್. ಅದರಲ್ಲಿ ಒಂದು ಮೀಟರ್ ನೀರೆಂದರೆ ಸುಮಾರು 7.85 ಲೀಟರ್, ತಳದಲ್ಲಿ 9.81 ಕಿಲೋಪಾಸ್ಕಲ್ ಒತ್ತಡ. ಕೆಳಗೆ 30 ಲೀಟರಿನ ಸಂಪು, ಒಂದು ಸಣ್ಣ ಪಂಪು. ಪಂಪಿನಿಂದ ಟ್ಯಾಂಕಿಗೆ ಹೋಗುವ ಲೈನಿನಲ್ಲಿ ನ್ಯೂಮ್ಯಾಟಿಕ್ ಕಂಟ್ರೋಲ್ ವಾಲ್ವ್, ಹೊರಹರಿವಿಗೆ ಕೈಯಲ್ಲಿ ತಿರುಗಿಸುವ ವಾಲ್ವ್. ಕಂಟ್ರೋಲ್ ವಾಲ್ವ್ ಪೂರ್ತಿ ಮುಚ್ಚಿದಾಗ ಪಂಪು ಬಿಸಿಯಾಗದಿರಲು ಸಂಪಿಗೆ ವಾಪಸಾಗುವ ಒಂದು ಬೈಪಾಸ್, ಟ್ಯಾಂಕಿನ ಮೇಲ್ತುದಿಯಲ್ಲಿ ಓವರ್‌ಫ್ಲೋ ಕೊಳವೆ ಇರಲೇಬೇಕು. ಮಟ್ಟ ಅಳೆಯಲು ಮೂರು ವಾಲ್ವಿನ ಮ್ಯಾನಿಫೋಲ್ಡ್ (ಹೈ, ಲೋ ಬದಿಗೊಂದೊಂದು ಬ್ಲಾಕ್ ವಾಲ್ವ್, ನಡುವೆ ಎರಡನ್ನೂ ಸೇರಿಸುವ ಈಕ್ವಲೈಸರ್) ಇರುವ ಡಿಪಿ ಟ್ರಾನ್ಸ್‌ಮಿಟರ್, ಅಂದರೆ ಎರಡು ಬದಿಯ ಒತ್ತಡಗಳ ವ್ಯತ್ಯಾಸ ಅಳೆಯುವಂಥದ್ದು. ಅದು ಹಾರ್ಟ್ (ಸಿಗ್ನಲ್ ತಂತಿಗಳಲ್ಲೇ ಡಿಜಿಟಲ್ ಮಾತುಕತೆ ನಡೆಸುವ ಪದ್ಧತಿ) ಇರುವ ಎರಡು ತಂತಿಯದಾಗಿದ್ದರೆ ಒಳ್ಳೆಯದು. ಇನ್ನುಳಿದದ್ದು 24 ವೋಲ್ಟ್ ಡಿಸಿ ಸಪ್ಲೈ, 250 ಓಮ್ ರೆಸಿಸ್ಟರ್, ಕಂಟ್ರೋಲರಾಗಿ ಅನಲಾಗ್ ಕಾರ್ಡಿರುವ ಪಿಎಲ್‌ಸಿ, 4–20 ಮಿಲಿಆಂಪನ್ನು 0.2–1.0 ಬಾರ್ ಗಾಳಿಯಾಗಿಸುವ ಐ/ಪಿ ಕನ್ವರ್ಟರ್, ಅದಕ್ಕೆ 1.4 ಬಾರ್ ಕೊಡುವ ಏರ್ ರೆಗ್ಯುಲೇಟರ್.

ಟ್ಯಾಂಕಿನ ಒತ್ತಡವನ್ನು ಟ್ರಾನ್ಸ್‌ಮಿಟರಿಗೆ ಮುಟ್ಟಿಸುವ ಇಂಪಲ್ಸ್ ಲೈನಿಗೆ ಸ್ಟೀಲ್ ಟ್ಯೂಬ್ ಹಾಕಬೇಡಿ, ಪಾರದರ್ಶಕ ನೈಲಾನ್ ಟ್ಯೂಬ್ ಹಾಕಿ. ಲಂಬ ಲೈನಿನಲ್ಲಿ 100 ಮಿ.ಮೀ. ಉದ್ದದ ಗಾಳಿಗುಳ್ಳೆ ಕೂತರೆ ಟ್ರಾನ್ಸ್‌ಮಿಟರ್ ಅಷ್ಟೇ ಎತ್ತರದ ನೀರನ್ನು ಕಳೆದುಕೊಳ್ಳುತ್ತದೆ, ಒಂದು ಮೀಟರ್ ಸ್ಪ್ಯಾನಿನಲ್ಲಿ (ಅಳತೆಯ ವ್ಯಾಪ್ತಿಯಲ್ಲಿ) ಅದು 10% ತಪ್ಪು. ಮೊದಲ ಸಲ ಗುಳ್ಳೆಯನ್ನು ಕಣ್ಣಾರೆ ತೋರಿಸಿ. ಮುಂದಿನ ಸಲ ಟ್ಯೂಬಿಗೆ ಕಪ್ಪು ಟೇಪ್ ಸುತ್ತಿ, ರೀಡಿಂಗ್ ನೋಡಿಯೇ ಹೇಳಲಿ.

ವೈರಿಂಗಿನಲ್ಲಿ ಪ್ರತಿಯೊಂದು ತಂತಿಯೂ ನೈಫ್ ಟರ್ಮಿನಲ್ ಮೂಲಕ ಹಾದುಹೋಗಬೇಕು. ಆಗ ಲೂಪನ್ನು ಎಲ್ಲಿ ಬೇಕಾದರೂ ಕಡಿದು ಮೀಟರ್ ಸೇರಿಸಬಹುದು. ಆದರೆ ಕಡಿಯುವುದನ್ನು ಮೊದಲು ಕಲಿಸುವುದಿಲ್ಲ. ಟ್ರಾನ್ಸ್‌ಮಿಟರ್ 0% ಮಟ್ಟಕ್ಕೆ 4, 100%ಗೆ 20 ಮಿಲಿಆಂಪ್ ಕಳಿಸುವುದರಿಂದ 250 ಓಮ್ ರೆಸಿಸ್ಟರಿನ ಎರಡು ತುದಿಗಳ ನಡುವೆ 1ರಿಂದ 5 ವೋಲ್ಟ್ ಸಿಗುತ್ತದೆ. 3 ವೋಲ್ಟ್ ಎಂದರೆ 12 ಮಿಲಿಆಂಪ್, ಅಂದರೆ 50%. ಲೂಪ್ ಬಿಚ್ಚದೆಯೇ ಕರೆಂಟ್ ಗೊತ್ತಾಯಿತು. ನಡೆಯುವ ಪ್ಲಾಂಟಿನಲ್ಲಿ ಲೂಪ್ ಬಿಚ್ಚಿದ ಕ್ಷಣವೇ ಕಂಟ್ರೋಲರಿಗೆ ಟ್ಯಾಂಕ್ ಖಾಲಿ ಎಂದೋ ಸಿಗ್ನಲ್ ಕೆಟ್ಟಿದೆ ಎಂದೋ ಸುದ್ದಿ ಹೋಗುತ್ತದೆ. ವಾಲ್ವ್ ಪೂರ್ತಿ ತೆರೆಯಬಹುದು, ಇಂಟರ್‌ಲಾಕ್ (ಅಪಾಯ ಕಂಡರೆ ತಾನಾಗಿ ನಿಲ್ಲಿಸುವ ವ್ಯವಸ್ಥೆ) ಟ್ರಿಪ್ ಆಗಬಹುದು. ಹಾಗಾಗಿ ಬೆಂಚಿನಲ್ಲೂ ನಿಯಮ ಒಂದೇ. ಕಂಟ್ರೋಲರ್ ಮ್ಯಾನುಯಲ್‌ಗೆ ಬರಬೇಕು, ಇಂಟರ್‌ಲಾಕ್ ಬೈಪಾಸಿಗೆ ಸಹಿ ಆಗಬೇಕು, ಆಮೇಲೆ ಟರ್ಮಿನಲ್.

ಕರೆಂಟ್ ಅಳೆದ ಮೇಲೆ ಪ್ರೋಬನ್ನು ಮಿಲಿಆಂಪ್ ಸಾಕೆಟಿನಲ್ಲೇ ಮರೆತು ಸಪ್ಲೈಗೆ ಅಡ್ಡ ಇಡುವುದು ಎಲ್ಲ ಬ್ಯಾಚಿನಲ್ಲೂ ಆಗುತ್ತದೆ. ಮೀಟರಿನೊಳಗಿನ ಫ್ಯೂಸ್ ಹೋಗುತ್ತದೆ. ಅಷ್ಟಕ್ಕೇ ಮುಗಿದರೆ ಪರವಾಗಿಲ್ಲ, ಮುಂದಿನವರು ಅದೇ ಮೀಟರನ್ನು ಲೂಪಿನಲ್ಲಿ ಸೇರಿಸಿದಾಗ 0.00 ಕಂಡು ಟ್ರಾನ್ಸ್‌ಮಿಟರ್ ಸತ್ತಿದೆ ಎಂದು ಬರೆಯುತ್ತಾರೆ. ಕೆಲಸಕ್ಕೆ ಮುನ್ನ ಎರಡನೇ ಮೀಟರಿನ ಓಮ್ ರೇಂಜಿನಿಂದ ಮಿಲಿಆಂಪ್ ಸಾಕೆಟ್ಟಿನ ಕಂಟಿನ್ಯುಟಿ ನೋಡುವುದನ್ನು ಅಭ್ಯಾಸ ಮಾಡಿಸಿ.

ಇನ್ನು ರೇಂಜಿನ ಲೆಕ್ಕ. ಟ್ರಾನ್ಸ್‌ಮಿಟರನ್ನು ಸೊನ್ನೆ ಮಟ್ಟಕ್ಕಿಂತ 200 ಮಿ.ಮೀ. ಕೆಳಗೆ ಕೂರಿಸಿದರೆ ಟ್ಯಾಂಕ್ ‘ಖಾಲಿ’ ಇದ್ದಾಗಲೂ 1.96 ಕಿಲೋಪಾಸ್ಕಲ್ ಇರುತ್ತದೆ. ರೇಂಜ್ 1.96ರಿಂದ 11.77. ಇದನ್ನು ಎಲ್ಲರೂ ಬೇಗ ಹಿಡಿಯುತ್ತಾರೆ. ತೊಡಕು ವೆಟ್ ಲೆಗ್‌ನಲ್ಲಿ. ಮುಚ್ಚಿದ ಟ್ಯಾಂಕಿನ ಲೋ ಬದಿಗೆ 1.2 ಮೀಟರ್ ಎತ್ತರದ ನೀರು ತುಂಬಿದ ಲೈನ್ ಸೇರಿಸಿ ಲೆಕ್ಕ ಹಾಕಿಸಿ. ಖಾಲಿ ಇದ್ದಾಗ ಹೈ ಬದಿಯಲ್ಲಿ 0.2 ಮೀಟರ್, ಲೋ ಬದಿಯಲ್ಲಿ 1.2 ಮೀಟರ್, ವ್ಯತ್ಯಾಸ ಮೈನಸ್ 9.81. ತುಂಬಿದಾಗ ಎರಡೂ ಬದಿ 1.2, ವ್ಯತ್ಯಾಸ ಸೊನ್ನೆ. ಸೊನ್ನೆ ಡಿಪಿಗೆ 20 ಮಿಲಿಆಂಪ್ ಬರಬೇಕೆಂಬುದನ್ನು ಅರಗಿಸಿಕೊಳ್ಳಲು ಸಮಯ ಬೇಕು, ಅವಸರ ಮಾಡಬೇಡಿ. ಇದು ತಲೆಗೆ ಹೋಗದವರು ವೆಟ್ ಲೆಗ್ ಬರಿದಾದಾಗ ತೋರುವ 100% ಅನ್ನು ನಂಬಿಬಿಡುತ್ತಾರೆ. ವೆಟ್ ಲೆಗ್ ಇರುವ ಕಡೆ ಮ್ಯಾನಿಫೋಲ್ಡಿನ ಎರಡೂ ಬ್ಲಾಕ್ ವಾಲ್ವ್‌ಗಳನ್ನು ಮುಚ್ಚಿದ ಮೇಲೆಯೇ ಈಕ್ವಲೈಸರ್ ತೆರೆಯಬೇಕು. ಮೂರೂ ಒಟ್ಟಿಗೆ ತೆರೆದಿದ್ದರೆ ಲೆಗ್ಗಿನ ನೀರು ಹೈ ಬದಿಯಿಂದ ಟ್ಯಾಂಕಿಗೆ ಇಳಿದುಹೋಗುತ್ತದೆ.

ಕ್ಯಾಲಿಬ್ರೇಶನ್‌ನಲ್ಲಿ ನಾನು ಬಿಗಿ. 0, 25, 50, 75, 100% ಏರುತ್ತಾ, ಮತ್ತೆ ಅದೇ ಬಿಂದುಗಳಲ್ಲಿ ಇಳಿಯುತ್ತಾ, ಸಿಕ್ಕ ಸ್ಥಿತಿಯ ರೀಡಿಂಗನ್ನು ಪೂರ್ತಿ ಬರೆಯುವ ತನಕ ಯಾವ ಹೊಂದಾಣಿಕೆಯೂ ಇಲ್ಲ. ಏರುವಾಗ ಬಿಂದು ದಾಟಿಹೋದರೆ ಹಾಗೇ ಇಳಿಸಿ ಸರಿಮಾಡುವಂತಿಲ್ಲ. ಕೆಳಗಿಳಿದು ಮತ್ತೆ ಏರಬೇಕು, ಇಲ್ಲದಿದ್ದರೆ ಹಿಸ್ಟೆರಿಸಿಸ್ (ಏರುವಾಗಿನ, ಇಳಿಯುವಾಗಿನ ರೀಡಿಂಗ್‌ಗಳ ವ್ಯತ್ಯಾಸ) ಮುಚ್ಚಿಹೋಗುತ್ತದೆ. ಪರಿಶೀಲಿಸುವ ಉಪಕರಣ, ಪರಿಶೀಲನೆಗೊಳಗಾಗುವ ಉಪಕರಣಕ್ಕಿಂತ ನಾಲ್ಕು ಪಟ್ಟು ನಿಖರವಾಗಿರಬೇಕು ಎಂಬ ರೂಢಿಯ ಅನುಪಾತವನ್ನು ಇಲ್ಲೇ ಹೇಳುತ್ತೇನೆ.

ಹಾರ್ಟ್ ಟ್ರಾನ್ಸ್‌ಮಿಟರಿನಲ್ಲಿ ಮೂರು ಬೇರೆ ಕೆಲಸಗಳನ್ನು ಒಂದೆಂದೇ ತಿಳಿಯುವವರು ಅನುಭವಸ್ಥರಲ್ಲೂ ಇದ್ದಾರೆ. ಸೆನ್ಸರ್ ಟ್ರಿಮ್ ಎಂದರೆ ಒಳಗೆ ಬಂದ ಒತ್ತಡವನ್ನು ಉಪಕರಣ ಓದುವ ರೀತಿ ತಿದ್ದುವುದು. ಔಟ್‌ಪುಟ್ ಟ್ರಿಮ್ ಎಂದರೆ ಅದು ಹೊರಗೆ ಕಳಿಸುವ ಮಿಲಿಆಂಪನ್ನು ನಿಜವಾದ ಮಿಲಿಆಂಪಿಗೆ ಹೊಂದಿಸುವುದು. ರೇಂಜ್ ಬದಲಿಸುವುದು ಇವೆರಡೂ ಅಲ್ಲ, ಯಾವ ಒತ್ತಡಕ್ಕೆ 4, ಯಾವುದಕ್ಕೆ 20 ಎಂದು ನಿಗದಿಪಡಿಸುವುದಷ್ಟೇ. ಸೆನ್ಸರ್ ಜರುಗಿರುವಾಗ ರೇಂಜ್ ಬದಲಿಸಿದರೆ ಮಿಲಿಆಂಪ್ ಸರಿಕಾಣುತ್ತದೆ, ಆದರೆ ಕಮ್ಯೂನಿಕೇಟರಿನಲ್ಲಿ (ಹಾರ್ಟ್ ಮೂಲಕ ಟ್ರಾನ್ಸ್‌ಮಿಟರ್ ಜೊತೆ ಮಾತಾಡುವ ಕೈಉಪಕರಣದಲ್ಲಿ) ಕಾಣುವ ಒತ್ತಡ ತಪ್ಪಾಗಿಯೇ ಉಳಿಯುತ್ತದೆ. ಪತ್ತೆಗೆ ಮೂರು ಸಂಖ್ಯೆಗಳನ್ನು ಅಕ್ಕಪಕ್ಕ ಬರೆಯಿಸಿ: ಕ್ಯಾಲಿಬ್ರೇಶನ್ ಪಂಪಿನ ಗೇಜ್ ಹೇಳುವ ಒತ್ತಡ, ಕಮ್ಯೂನಿಕೇಟರ್ ಹೇಳುವ ಒತ್ತಡ ಮತ್ತು ಮಿಲಿಆಂಪ್, ಮೀಟರ್ ಅಳೆದ ಮಿಲಿಆಂಪ್. ಯಾವ ಎರಡರ ನಡುವೆ ಹೊಂದಿಕೆ ತಪ್ಪಿತೋ ಅಲ್ಲಿಯೇ ಕೆಲಸ.

ಈಗ ಕೆಡಿಸುವ ಭಾಗ. ಪ್ಯಾನೆಲಿನ ಹಿಂದೆ ಬೀಗ ಹಾಕಿದ ಪೆಟ್ಟಿಗೆಯಲ್ಲಿ ಸ್ವಿಚ್‌ಗಳು. ತಂತಿ ಕಡಿದುಹೋಗುವುದು, ಫ್ಯೂಸ್ ಹೋಗುವುದು ಇವೆಲ್ಲ ಮೊದಲ ವಾರದ ಆಟ. ಕಲಿಸುವುದು ಅರ್ಧಂಬರ್ಧ ಕೆಲಸಮಾಡುವ ದೋಷಗಳು.

ನನಗೆ ಅತ್ಯಂತ ಇಷ್ಟವಾದದ್ದು ಲೂಪಿನ ಸರಣಿಯಲ್ಲಿ 1 ಕಿಲೋಓಮ್ ಸೇರಿಸುವುದು. ಟ್ರಾನ್ಸ್‌ಮಿಟರ್ ನಡೆಯಲು ಕನಿಷ್ಠ 12 ವೋಲ್ಟ್ ಬೇಕೆಂದುಕೊಳ್ಳಿ (ಕೆಲವಕ್ಕೆ 10.5 ಸಾಕು, ನೇಮ್‌ಪ್ಲೇಟ್ ನೋಡಿ). 24ರಲ್ಲಿ ಉಳಿದದ್ದು 12 ವೋಲ್ಟ್. ಒಟ್ಟು 1250 ಓಮ್‌ನಲ್ಲಿ ಅದು ನೂಕಬಲ್ಲದ್ದು 9.6 ಮಿಲಿಆಂಪ್ ಮಾತ್ರ. ಅಂದರೆ ಟ್ಯಾಂಕಿನ ಮಟ್ಟ 35% ತನಕ ಎಲ್ಲವೂ ಸರಿ, ಅದರಾಚೆ ರೀಡಿಂಗ್ ಏರುವುದೇ ಇಲ್ಲ. ಖಾಲಿ ಟ್ಯಾಂಕಿನಲ್ಲಿ ಪರೀಕ್ಷಿಸಿದವರು ‘ದೋಷವಿಲ್ಲ’ ಎಂದು ಬರೆದುಬಿಡುತ್ತಾರೆ. ಮಟ್ಟ ಏರಿಸಿ ಟ್ರಾನ್ಸ್‌ಮಿಟರಿನ ಟರ್ಮಿನಲ್ಲಿನಲ್ಲೇ ವೋಲ್ಟೇಜ್ ನೋಡಿದರೆ ಗುಟ್ಟು ಹೊರಬೀಳುತ್ತದೆ. ಪ್ಲಾಂಟಿನಲ್ಲಿ ಇದೇ ದೋಷ ತುಕ್ಕು ಹಿಡಿದ ಟರ್ಮಿನಲ್ಲಾಗಿಯೋ, ಲೆಕ್ಕ ಹಾಕದೆ ಸೇರಿಸಿದ ಝೀನರ್ ಬ್ಯಾರಿಯರ್ (ಸ್ಫೋಟದ ಅಪಾಯವಿರುವ ಜಾಗಕ್ಕೆ ಹೋಗುವ ವಿದ್ಯುತ್ತನ್ನು ಮಿತಿಯಲ್ಲಿಡುವ ಸಾಧನ) ಆಗಿಯೋ ಬರುತ್ತದೆ. 300 ಓಮ್ ಬ್ಯಾರಿಯರ್ 20 ಮಿಲಿಆಂಪಿನಲ್ಲಿ 6 ವೋಲ್ಟ್ ನುಂಗುತ್ತದೆ.

ಎರಡನೆಯದು ಟ್ರಾನ್ಸ್‌ಮಿಟರ್ ಟರ್ಮಿನಲ್‌ಗಳಿಗೆ ಅಡ್ಡಲಾಗಿ 22 ಕಿಲೋಓಮ್. ನೀರಿಳಿದ ಜಂಕ್ಷನ್ ಬಾಕ್ಸಿನ ನಕಲು ಇದು. 4 ಮಿಲಿಆಂಪಿನಲ್ಲಿ ಸುಮಾರು 1.03, 20ರಲ್ಲಿ ಸುಮಾರು 0.85 ಮಿಲಿಆಂಪ್ ಹೆಚ್ಚುವರಿ ಹರಿಯುತ್ತದೆ. ಸ್ಪ್ಯಾನ್ ಹೆಚ್ಚುಕಡಿಮೆ ಸರಿಯಾಗೇ ಇರುವುದರಿಂದ ನೋಡಿದವರಿಗೆ ಝೀರೋ ಜರುಗಿದಂತೆ ಕಾಣುತ್ತದೆ. ಕೈಗೆ ಕಮ್ಯೂನಿಕೇಟರ್ ಸಿಕ್ಕವರು ಝೀರೋ ಟ್ರಿಮ್ ಮಾಡಿ ಎದ್ದುಹೋಗುತ್ತಾರೆ. ಒದ್ದೆ ಗೋಡೆಗೆ ಸುಣ್ಣ ಬಳಿದ ಹಾಗೆ. ಪೆಟ್ಟಿಗೆ ಒಣಗಿದ ದಿನ ರೀಡಿಂಗ್ ಅಷ್ಟೇ ಕೆಳಗೆ ಬೀಳುತ್ತದೆ. ಟ್ರಾನ್ಸ್‌ಮಿಟರ್ ‘12.00 ಕಳಿಸುತ್ತಿದ್ದೇನೆ’ ಎನ್ನುವಾಗ 250 ಓಮ್ ಮೇಲೆ ಸುಮಾರು 12.95ಕ್ಕೆ ಸಮನಾದ ವೋಲ್ಟೇಜ್ ಇದ್ದರೆ ಹೆಚ್ಚುವರಿ ಕರೆಂಟ್ ದಾರಿಯಲ್ಲಿ ಸೇರಿದೆ ಎಂದೇ ಅರ್ಥ. ಟ್ರಾನ್ಸ್‌ಮಿಟರಿನಿಂದ ಕೇಬಲ್ ಬಿಚ್ಚಿ ಲೂಪಿನಲ್ಲಿ ಉಳಿಯುವ ಕರೆಂಟ್ ನೋಡಿದರೆ ಖಚಿತವಾಗುತ್ತದೆ, ಅಲ್ಲಿ ಸೊನ್ನೆ ಇರಬೇಕು.

ರೀಡಿಂಗ್ 3.6 ಮಿಲಿಆಂಪಿಗಿಂತ ಕೆಳಗೋ 21ರ ಮೇಲೋ ನಿಂತರೆ ಅದು ಪ್ರಕ್ರಿಯೆಯಲ್ಲ, ಉಪಕರಣವೇ ತನ್ನ ದೋಷ ಸಾರುತ್ತಿದೆ, 3.8ರಿಂದ 20.5ರ ತನಕ ಅಳತೆ ಎಂಬುದು ನಾಮೂರ್ ಎಂಬ ಬಳಕೆದಾರರ ಸಂಘದ ಎನ್‌ಇ 43ರ ಶಿಫಾರಸು. ಈ ಅಂಕಿಗಳನ್ನು ಬಾಯಿಪಾಠ ಮಾಡಿಸುತ್ತೇನೆ, ಬಾಯಿಪಾಠಕ್ಕೆ ಯೋಗ್ಯವಾದ ಕೆಲವೇ ಸಂಗತಿಗಳಲ್ಲಿ ಇದೊಂದು.

ತಾಪಕ್ಕೆ ಪ್ರತ್ಯೇಕ ಬೋರ್ಡು ಸಾಕು. ಪಿಟಿ100 ಎಂಬ ಪ್ಲಾಟಿನಮ್ ಸೆನ್ಸರಿನಲ್ಲಿ 0 ಡಿಗ್ರಿಗೆ 100 ಓಮ್, 100 ಡಿಗ್ರಿ ಸೆಲ್ಸಿಯಸ್‌ಗೆ 138.51. ಮೂರು ತಂತಿಯ ಜೋಡಣೆಯಲ್ಲಿ ಒಂಟಿ ತಂತಿಯ ಬದಿಗೆ 2 ಓಮ್ ಸೇರಿಸಿ, 5 ಡಿಗ್ರಿ ಹೆಚ್ಚು ತೋರುತ್ತದೆ. ಸಡಿಲ ಸ್ಕ್ರೂ ಮಾಡುವ ಅನಾಹುತ ಇಷ್ಟೇ ದೊಡ್ಡದು. ಕೆ ಟೈಪ್ ಥರ್ಮೋಕಪಲಿನಲ್ಲಿ ಹೆಡ್‌ನಿಂದ (ಸೆನ್ಸರಿನ ಮೇಲಿನ ಜೋಡಣೆ ಪೆಟ್ಟಿಗೆಯಿಂದ) ಪ್ಯಾನೆಲಿಗೆ ಎಕ್ಸ್‌ಟೆನ್ಷನ್ ಕೇಬಲಿನ ಬದಲು ತಾಮ್ರದ ತಂತಿ ಎಳೆದು ತೋರಿಸಿ. ಹೆಡ್ 60 ಡಿಗ್ರಿ, ಪ್ಯಾನೆಲ್ 25 ಇದ್ದರೆ 35 ಡಿಗ್ರಿ ಕಡಿಮೆ ಓದುತ್ತದೆ. ಎಕ್ಸ್‌ಟೆನ್ಷನ್ ಕೇಬಲನ್ನು ಎರಡೂ ತುದಿಯಲ್ಲಿ ಅದಲುಬದಲು ಮಾಡಿದರೆ ತಪ್ಪು ಇಮ್ಮಡಿಯಾಗಿ 70 ಡಿಗ್ರಿ. ತಾಪ ಏರಿದಾಗ ರೀಡಿಂಗೂ ಏರುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಬಣ್ಣ ನಂಬಬೇಡಿ. ಅಮೆರಿಕನ್ ಕೇಬಲಿನಲ್ಲಿ ಕೆಂಪು ನೆಗೆಟಿವ್, ಐಇಸಿ ಕೇಬಲಿನಲ್ಲಿ ಹಸಿರು ಪಾಸಿಟಿವ್, ಬಿಳಿ ನೆಗೆಟಿವ್.

ಪಿಐಡಿಗೆ (ಕಂಟ್ರೋಲರಿನ ಪ್ರಪೋರ್ಷನಲ್, ಇಂಟೆಗ್ರಲ್, ಡೆರಿವೇಟಿವ್ ಲೆಕ್ಕಕ್ಕೆ) ಕೈಹಾಕಲು ಎಲ್ಲರಿಗೂ ಆತುರ, ಅದನ್ನು ಕೊನೆಗಿಡುವುದು ನನ್ನ ಹಟ. ಮೊದಲು ವಾಲ್ವ್. ಕಂಟ್ರೋಲರ್ ಮ್ಯಾನುಯಲ್‌ನಲ್ಲಿಟ್ಟು ಔಟ್‌ಪುಟ್ಟನ್ನು 0.5% ಮೆಟ್ಟಿಲಿನಲ್ಲಿ ಏರಿಸುತ್ತಾ, ಸ್ಟೆಮ್‌ಗೆ ಡಯಲ್ ಗೇಜ್ ತಾಗಿಸಿ ಯಾವಾಗ ಅಲುಗುತ್ತದೆ ನೋಡಲಿ. ಆಮೇಲೆ ಪ್ಯಾಕಿಂಗ್ ನಟ್ಟನ್ನು ಬೇಕೆಂದೇ ಬಿಗಿಮಾಡಿ ಇನ್ನೊಮ್ಮೆ. 3% ಕೊಟ್ಟ ಮೇಲೆ ಅಲುಗುವ ವಾಲ್ವಿಗೆ ಯಾವ ಟ್ಯೂನಿಂಗೂ ಹಿಡಿಸುವುದಿಲ್ಲ. ಇಂಟೆಗ್ರಲ್ ತುಂಬಿ, ವಾಲ್ವ್ ಜಿಗಿದು, ಮಟ್ಟ ನಿರಂತರ ತೂಗಾಡುತ್ತದೆ. ಮ್ಯಾನುಯಲ್‌ಗೆ ಹಾಕಿದಾಗ ತೂಗಾಟ ನಿಂತರೆ ಕಾರಣ ಲೂಪಿನೊಳಗೆ, ನಿಲ್ಲದಿದ್ದರೆ ಹೊರಗೆ.

ಟ್ಯೂನಿಂಗಿಗೆ 1942ರ ಝೀಗ್ಲರ್–ನಿಕೋಲ್ಸ್ ಪದ್ಧತಿಯನ್ನು ಬೆಂಚಿನಲ್ಲಿ ಮಾತ್ರ ಮಾಡಿಸುತ್ತೇನೆ: ಬರೀ ಪ್ರಪೋರ್ಷನಲ್ ಇಟ್ಟು ತೂಗಾಟ ಒಂದೇ ಸಮನಾಗುವ ತನಕ ಗೇನ್ ಏರಿಸುವುದು, ಆ ಗೇನಿನ 0.45 ಪಟ್ಟು ಮತ್ತು ತೂಗಾಟದ ಅವಧಿಯನ್ನು 1.2ರಿಂದ ಭಾಗಿಸಿದ ಇಂಟೆಗ್ರಲ್ ಸಮಯ. ಬಂದ ಗೇನನ್ನು ಅರ್ಧಕ್ಕಿಳಿಸಿದರೆ ಮಟ್ಟದ ಲೂಪಿಗೆ ಹಿತ. ವೈಂಡಪ್ (ಇಂಟೆಗ್ರಲ್ ಮಿತಿಮೀರಿ ತುಂಬಿಕೊಳ್ಳುವುದು) ತೋರಿಸಲು ಆಟೋದಲ್ಲಿರುವಾಗಲೇ ಪಂಪಿನ ಕೈವಾಲ್ವ್ ಮುಚ್ಚಿ, ಔಟ್‌ಪುಟ್ 100ಕ್ಕೆ ಹೋಗಿ ಸ್ವಲ್ಪ ಹೊತ್ತು ನಿಂತ ಮೇಲೆ ತೆರೆಯಿರಿ. ಆಂಟಿ-ವೈಂಡಪ್ ಆಫ್ ಇದ್ದರೆ ಮಟ್ಟ ಸೆಟ್‌ಪಾಯಿಂಟ್ ದಾಟಿ ಓವರ್‌ಫ್ಲೋ ತನಕ ಓಡುತ್ತದೆ. ನೆಲ ಒರೆಸುವ ಬಟ್ಟೆ ಹತ್ತಿರವಿರಲಿ.

ಪರೀಕ್ಷೆಗೆ 30 ನಿಮಿಷ, ಒಂದು ದೂರಿನ ಚೀಟಿ, ಒಂದು ಖಾಲಿ ಹಾಳೆ. ಪ್ರತಿ ಅಳತೆಗೆ ಮುನ್ನ ‘ಇಲ್ಲಿ ಇಷ್ಟು ಇರಬೇಕು’ ಎಂದು ಅಂಕಿ ಬರೆಯಬೇಕು, ಆಮೇಲೆ ಅಳೆದದ್ದು. ನಿರೀಕ್ಷೆ ಬರೆಯದೆ ಅಳೆದದ್ದಕ್ಕೆ ಅಂಕವಿಲ್ಲ, ದೋಷ ಸಿಕ್ಕಿದ್ದರೂ ಸರಿ. ಭಾಗ ಬದಲಿಸಿ ನೋಡುವವರಿಗೆ ಬದಲಿ ಭಾಗ ಕೊಡುವುದಿಲ್ಲ. ಚೀಟಿಗಳ ನಡುವೆ ದೋಷವೇ ಇಲ್ಲದ ಒಂದನ್ನು ಸೇರಿಸುತ್ತೇನೆ: ‘ಟ್ರಾನ್ಸ್‌ಮಿಟರ್ 60% ತೋರಿಸುತ್ತಿದೆ, ಟ್ಯಾಂಕಿನ ಪಟ್ಟಿಯಲ್ಲಿ 55%’ ಎಂಬ ದೂರು. ಸ್ವಿಚ್ ಯಾವುದೂ ಹಾಕಿರುವುದಿಲ್ಲ, ಅಕ್ರಿಲಿಕ್ ಮೇಲೆ ಅಂಟಿಸಿದ ಅಳತೆಪಟ್ಟಿಯನ್ನಷ್ಟೇ 50 ಮಿ.ಮೀ. ಮೇಲೆ ಸರಿಸಿರುತ್ತೇನೆ. ಟ್ರಿಮ್ ಮಾಡಿದವರಿಗೆ ಸೊನ್ನೆ. ಟೇಪು ಹಿಡಿದು ಕೆಳಗಿನ ಟ್ಯಾಪಿಂಗಿನಿಂದ (ಇಂಪಲ್ಸ್ ಲೈನ್ ಟ್ಯಾಂಕಿಗೆ ಸೇರುವ ಜಾಗದಿಂದ) ನೀರಿನ ಎತ್ತರ ಅಳೆದು, ಪಟ್ಟಿ ತಪ್ಪು ಎಂದು ಬರೆದವರಿಗೆ ಪೂರ್ತಿ ಅಂಕ.