ಫಿಕ್ಸ್‌ಚರ್ ಡಿಸೈನ್: ಪೀಣ್ಯದಲ್ಲಿ ನಾನು ಕೆಲಸ ಕಲಿತ ಬಗೆ

ಮೆಕ್ಯಾನಿಕಲ್ ಓದುತ್ತಿರುವ ಹುಡುಗರು ಸಿಕ್ಕಾಗ ಕೇಳುವ ಮೊದಲ ಪ್ರಶ್ನೆ ಒಂದೇ. ಕಂಪ್ಯೂಟರಿನಲ್ಲಿ ಡಿಸೈನ್ ಮಾಡುವ ಕ್ಯಾಡ್ ಸಾಫ್ಟ್‌ವೇರ್‌ಗಳಲ್ಲಿ ಸಾಲಿಡ್‌ವರ್ಕ್ಸ್ ಕಲಿಯಲಾ, ಕ್ಯಾಟಿಯಾ ಕಲಿಯಲಾ, ಎನ್‌ಎಕ್ಸ್ ಗೊತ್ತಿದ್ದರೆ ಕೆಲಸ ಬೇಗ ಸಿಗುತ್ತಾ? ನನ್ನ ಉತ್ತರ ಅವರಿಗೆ ಅಷ್ಟು ಹಿಡಿಸುವುದಿಲ್ಲ. ಯಾವುದಾದರೂ ಒಂದನ್ನು ಚೆನ್ನಾಗಿ ಕಲಿಯಿರಿ, ಇನ್ನೊಂದು ಕೆಲಸಕ್ಕೆ ಸೇರಿದ ಮೇಲೆ ತಾನಾಗಿ ಬರುತ್ತದೆ. ಕಂಪನಿಯಲ್ಲಿ ಯಾವ ಸಾಫ್ಟ್‌ವೇರ್ ಇರಬೇಕು ಅಂತ ತೀರ್ಮಾನ ಮಾಡುವುದು ಬಹುಪಾಲು ಅವರ ಗಿರಾಕಿಗಳು. ತಾನಾಗಿ ಬಾರದ ವಿದ್ಯೆ ಬೇರೆ ಇದೆ. ಒಂದು ಕಾಸ್ಟಿಂಗ್ (ಎರಕ ಹೊಯ್ದ ಬಿಡಿಭಾಗ) ಕೈಗೆ ಕೊಟ್ಟು, ಇದನ್ನು ಮಷೀನ್ ಮೇಲೆ ಎಲ್ಲಿ ಕೂರಿಸುತ್ತೀಯಪ್ಪ, ಎಲ್ಲಿ ಹಿಡಿಯುತ್ತೀಯ ಅಂತ ಕೇಳಿದರೆ ಒಳ್ಳೆ ಮಾರ್ಕ್ಸ್ ತೆಗೆದವರೂ ಸುಮ್ಮನಾಗಿಬಿಡುತ್ತಾರೆ. ಹಾಗೆ ಬಿಡಿಭಾಗವನ್ನು (ನಮ್ಮ ಮಾತಲ್ಲಿ ಜಾಬ್) ಮಷೀನ್ ಮೇಲೆ ಸರಿಯಾದ ಜಾಗದಲ್ಲಿ ಕೂರಿಸಿ ಹಿಡಿಯುವ ಸಾಧನವೇ ಫಿಕ್ಸ್‌ಚರ್. ನನ್ನ ಅನ್ನ ಇರುವುದೇ ಆ ಪ್ರಶ್ನೆಯಲ್ಲಿ. ಹಾಗಾಗಿ ಅದರ ಬಗ್ಗೆಯೇ ಬರೆಯುತ್ತೇನೆ.

ನಾನು ತಿಪಟೂರು ಕಡೆಯವನು. ಎಸ್ಸೆಸ್ಸೆಲ್ಸಿ ಆದ ಮೇಲೆ ಪಿಯುಸಿಗೆ ಹೋಗದೆ ಜಿಟಿಟಿಸಿಯಲ್ಲಿ (ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ) ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾಕ್ಕೆ ಸೇರಿದೆ. 1972ರಲ್ಲಿ ಡೆನ್ಮಾರ್ಕ್ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾದ ಸರ್ಕಾರಿ ಸಂಸ್ಥೆ ಅದು, ಈಗ ಬೇರೆ ಬೇರೆ ಜಿಲ್ಲೆಗಳಲ್ಲೂ ಕೇಂದ್ರಗಳಿವೆ. ಮೂರು ವರ್ಷ ಓದು, ಒಂದು ವರ್ಷ ಕಾರ್ಖಾನೆಯಲ್ಲಿ ತರಬೇತಿ. ಅಲ್ಲಿ ಶುರುವಿನಲ್ಲಿ ಮಾಡಿಸುವುದು ಫೈಲಿಂಗ್. ಅರ ಹಿಡಿದು ಕಬ್ಬಿಣದ ತುಂಡನ್ನು ಮೂಲೆಮಟ್ಟಕ್ಕೆ ತರುವುದು. ಬೋರು ಹೊಡೆಯುತ್ತದೆ, ಕೈಗೆ ಬೊಕ್ಕೆ ಬರುತ್ತದೆ, ಆದರೆ 0.02 ಮಿ.ಮೀ. ಅಂದರೆ ಎಷ್ಟು ಅನ್ನುವುದು ಬೆರಳಿಗೆ ಗೊತ್ತಾಗುವುದು ಹಾಗೆಯೇ. ಆಮೇಲೆ ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ಬಿಇ ಎರಡನೇ ವರ್ಷಕ್ಕೆ ನೇರವಾಗಿ ಸೇರಿದೆ. ಡಿಪ್ಲೊಮಾ ಸಾಕಲ್ವಾ ಅಂತ ಕೇಳುತ್ತಾರೆ. ಕೆಲಸ ಮಾಡುವುದಕ್ಕೆ ಸಾಕು. ಆದರೆ ದೊಡ್ಡ ಕಂಪನಿಗಳಲ್ಲಿ ಒಂದು ಹಂತ ಆದಮೇಲೆ ಡಿಗ್ರಿ ಇಲ್ಲದವರ ಅರ್ಜಿಯನ್ನು ಎಚ್‌ಆರ್‌ನವರು ಪಕ್ಕಕ್ಕಿಡುತ್ತಾರೆ. ನನಗಿಂತ ಚೆನ್ನಾಗಿ ಕೆಲಸ ಬಲ್ಲವರು ಅಲ್ಲಿಗೇ ನಿಂತಿದ್ದನ್ನು ನೋಡಿದ್ದೇನೆ. ಅನ್ಯಾಯವೇ, ಆದರೆ ಇರುವುದು ಹಾಗೆ.

ಬಿಇ ಮುಗಿಸಿ ಪೀಣ್ಯದ ಒಂದು ಸಣ್ಣ ಟೂಲಿಂಗ್ ಕಂಪನಿಗೆ ಸೇರಿದೆ. ಡಿಸೈನರ್ ಕೂರುವ ಜಾಗಕ್ಕೂ ವಿಎಂಸಿಗೂ (ಕಂಪ್ಯೂಟರ್ ನಡೆಸುವ ಮಿಲ್ಲಿಂಗ್ ಮಷೀನ್) ಮಧ್ಯೆ ಒಂದು ಗಾಜಿನ ಬಾಗಿಲು ಮಾತ್ರ. ಬರೆದ ಡ್ರಾಯಿಂಗ್ ವಾರದೊಳಗೆ ಕಬ್ಬಿಣವಾಗಿ ಎದುರಿಗೆ ಬಂದು ಕೂರುತ್ತಿತ್ತು. ದೊಡ್ಡ ಕಂಪನಿಯಲ್ಲಿ ಒಂದು ಬ್ರಾಕೆಟ್ ಮೇಲೆ ಆರು ತಿಂಗಳು ಕೂತವರಿಗೆ ಇದು ಸಿಗುವುದಿಲ್ಲ. ಹೊಸಬರು ಮೊದಲು ಸಣ್ಣ ಕಡೆ ಸೇರಲಿ ಅಂತ ನಾನು ಹೇಳುವುದು ಇದಕ್ಕೇ.

ಈಗ ಕೆಲಸದ ವಿಷಯಕ್ಕೆ ಬರೋಣ. ನಮ್ಮಲ್ಲಿಗೆ ಆಗಾಗ ಬರುವಂಥ ಒಂದು ಜಾಬ್ ತೆಗೆದುಕೊಳ್ಳುತ್ತೇನೆ: ಅಲ್ಯೂಮಿನಿಯಂ ಪ್ರೆಷರ್ ಡೈ ಕಾಸ್ಟಿಂಗ್, ಗೇರ್‌ಬಾಕ್ಸ್ ಕವರ್, ಉದ್ದ ಸುಮಾರು 250 ಮಿ.ಮೀ. ಮೊದಲ ಸೆಟ್ಟಿಂಗ್‌ನಲ್ಲಿ, ಅಂದರೆ ಮೊದಲ ಸಲ ಕೂರಿಸಿದಾಗ, ಜಾಯಿಂಟ್ ಫೇಸ್ (ಕೂಡುವ ಮೇಲ್ಮೈ) ಮಿಲ್ ಮಾಡಿ, ಅದರಲ್ಲಿ ಪಿನ್ ಕೂರುವ ಎರಡು 10 ಎಚ್7 ಡೋವೆಲ್ ತೂತು ರೀಮ್ ಮಾಡಿ ನಿಖರ ಸೈಜಿಗೆ ತರಬೇಕು. 10 ಅನ್ನುವುದು ಮಿ.ಮೀ.ನಲ್ಲಿ ವ್ಯಾಸ, ಎಚ್7 ಅನ್ನುವುದು ಸೈಜು ಎಷ್ಟು ಹೆಚ್ಚುಕಡಿಮೆ ಆಗಬಹುದು ಅನ್ನುವ ಗುರುತು. ಎರಡನೆಯದರಲ್ಲಿ ಜಾಬ್ ತಿರುಗಿಸಿ, ಆ ಫೇಸ್ ಮತ್ತು ಎರಡು ತೂತಿನ ಆಧಾರದ ಮೇಲೆ ಬೇರಿಂಗ್ ಬೋರ್ ಮಾಡಬೇಕು. ಬೋರಿನ ಪೊಸಿಷನ್ ಟಾಲರೆನ್ಸ್ ಡಯಾ 0.1, ಅಂದರೆ ಬೋರಿನ ಕೇಂದ್ರ 0.1 ಮಿ.ಮೀ. ವ್ಯಾಸದ ವೃತ್ತದೊಳಗೇ ಇರಬೇಕು.

ನಾನು ಕಂಪ್ಯೂಟರ್ ಆನ್ ಮಾಡುವ ಮೊದಲು ಕಾಸ್ಟಿಂಗ್ ತರಿಸಿಕೊಂಡು ಟೇಬಲ್ ಮೇಲಿಟ್ಟು ನೋಡುತ್ತೇನೆ. ಡೈ ಎಲ್ಲಿ ಕೂಡಿದೆ, ಕಾಸ್ಟಿಂಗನ್ನು ಹೊರತಳ್ಳುವ ಎಜೆಕ್ಟರ್ ಪಿನ್ ಗುರುತು ಎಲ್ಲಿದೆ, ಲೋಹ ಒಳಗೆ ಹರಿದ ಗೇಟ್ ಕತ್ತರಿಸಿದ ಜಾಗ ಯಾವುದು. ಇಲ್ಲೆಲ್ಲ ಒಂದು ಪೀಸಿಗೂ ಇನ್ನೊಂದಕ್ಕೂ ಸೈಜು ಬದಲಾಗುತ್ತದೆ. ಅಲ್ಲಿ ಲೊಕೇಟರ್ (ಜಾಬಿನ ಜಾಗ ಗೊತ್ತುಮಾಡುವ ಪ್ಯಾಡ್ ಅಥವಾ ಪಿನ್) ಇಡಬಾರದು. ಗಿರಾಕಿಯ ಡ್ರಾಯಿಂಗ್‌ನಲ್ಲಿ ಡೇಟಮ್ ಟಾರ್ಗೆಟ್ (ಅಳತೆಗೆ ಆಧಾರವಾದ ಪಾಯಿಂಟ್) ತೋರಿಸಿದ್ದರೆ ಬೇರೆ ಬುದ್ಧಿ ಉಪಯೋಗಿಸಬೇಡಿ, ಅಲ್ಲೇ ಕೂರಿಸಿ. ನಾಳೆ ಸೈಜು ಬರಲಿಲ್ಲ ಅಂತ ಜಗಳ ಬಂದರೆ ಅಳೆಯುವ ಗೇಜೂ ಫಿಕ್ಸ್‌ಚರೂ ಒಂದೇ ಪಾಯಿಂಟ್‌ನಲ್ಲಿ ಕೂತಿರಬೇಕು.

ಇನ್ನು ಜಾಬ್ ಕೂರಿಸುವ 3-2-1 ನಿಯಮ. ಕಾಲೇಜಿನಲ್ಲಿ ಎಲ್ಲರೂ ಬರೆದಿರುತ್ತಾರೆ: ಕೆಳಗೆ ಮೂರು ಪಾಯಿಂಟ್, ಪಕ್ಕಕ್ಕೆ ಎರಡು, ತುದಿಗೆ ಒಂದು. ಕೆಳಗೆ ನಾಲ್ಕು ಯಾಕಿಲ್ಲ ಅಂತ ಕೇಳಿದರೆ ಉತ್ತರ ಬರುವುದಿಲ್ಲ. ಮೂರು ಕಾಲಿನ ಸ್ಟೂಲು ಯಾವ ನೆಲದ ಮೇಲೂ ಅಲ್ಲಾಡುವುದಿಲ್ಲ ಅಲ್ವಾ, ಅಷ್ಟೇ. ಕಾಸ್ಟಿಂಗ್ ಮೇಲ್ಮೈ ಸಮ ಇರುವುದಿಲ್ಲ. ನಾಲ್ಕನೇ ಪ್ಯಾಡ್ ಇಟ್ಟರೆ ಒಂದಲ್ಲ ಒಂದು ಮೂಲೆ ಗಾಳಿಯಲ್ಲಿರುತ್ತದೆ, ಕ್ಲ್ಯಾಂಪ್ ಹಾಕಿದಾಗ ಜಾಬ್ ಬಗ್ಗಿ ಅಲ್ಲಿಗೆ ಕೂರುತ್ತದೆ. ಬಗ್ಗಿದ ಸ್ಥಿತಿಯಲ್ಲಿ ಮಿಲ್ ಮಾಡುತ್ತೀರಿ, ಮಷೀನ್ ಮೇಲೇ ಡಯಲ್ ಗೇಜ್ ಹಾಕಿ ನೋಡಿದರೆ ಫೇಸ್ ಚೆನ್ನಾಗಿಯೇ ಇರುತ್ತದೆ. ಕ್ಲ್ಯಾಂಪ್ ಬಿಚ್ಚಿದ ಕೂಡಲೇ ಜಾಬ್ ಮೊದಲಿನ ಆಕಾರಕ್ಕೆ ಬಂದು ಫ್ಲಾಟ್‌ನೆಸ್ ಹೋಗುತ್ತದೆ. ಗೋಡೆ ತೆಳುವಿದ್ದು ಮಧ್ಯದಲ್ಲಿ ಆಸರೆ ಬೇಕೇ ಬೇಕು ಅಂದರೆ ಸ್ಪ್ರಿಂಗ್ ಮೇಲೆ ಏಳುವ ವರ್ಕ್ ಸಪೋರ್ಟ್ ಹಾಕಿ. ಅದು ಜಾಬಿಗೆ ಮೆಲ್ಲಗೆ ತಾಗಿ ನಿಂತ ಮೇಲೆ ಲಾಕ್ ಆಗಬೇಕು. ಜಾಬನ್ನು ಎತ್ತಬಾರದು.

ಕ್ಲ್ಯಾಂಪ್ ಯಾವಾಗಲೂ ರೆಸ್ಟ್ ಪ್ಯಾಡಿನ (ಜಾಬ್ ಕೆಳಗೆ ಕೂರುವ ಪ್ಯಾಡ್) ನೇರ ಮೇಲೆ ಬೀಳಬೇಕು. ಎಷ್ಟು ಬಿಗಿ ಬೇಕು ಅನ್ನುವುದನ್ನು ಅಂದಾಜಿನ ಮೇಲೆ ಬಿಡದೆ ಒಮ್ಮೆ ಲೆಕ್ಕ ಹಾಕಿ, ನಿಮಗೇ ಆಶ್ಚರ್ಯ ಆಗುತ್ತದೆ. 63 ಮಿ.ಮೀ. ಫೇಸ್ ಮಿಲ್ ಕಟರ್, 4000 ಆರ್‌ಪಿಎಂ, ಫೀಡ್ ನಿಮಿಷಕ್ಕೆ 2000 ಮಿ.ಮೀ., ಆಳ 1.5 ಮಿ.ಮೀ., ಅಗಲ 50 ಮಿ.ಮೀ. ಅಲ್ಯೂಮಿನಿಯಂ ಕತ್ತರಿಸಲು ಚದರ ಮಿ.ಮೀ.ಗೆ 700 ನ್ಯೂಟನ್ ಅಂತ ಹಿಡಿದರೆ ಪವರ್ ಸುಮಾರು 1.75 ಕಿಲೋವ್ಯಾಟ್. ಕಟರಿನ ಅಂಚು ಓಡುವ ವೇಗ ಸೆಕೆಂಡಿಗೆ 13 ಮೀಟರ್. ಪವರನ್ನು ಆ ವೇಗದಿಂದ ಭಾಗಿಸಿದರೆ ಸರಾಸರಿ ಬಲ 135 ನ್ಯೂಟನ್, ಅಂದರೆ ಹದಿನಾಲ್ಕು ಕೆಜಿಯಷ್ಟು. ಹಲ್ಲು ಕಚ್ಚುವಾಗಿನ ಹೊಡೆತ, ಸವೆದ ಇನ್ಸರ್ಟ್ (ಕಟರಿನ ಬದಲಾಯಿಸುವ ಹಲ್ಲು) ಎಲ್ಲಕ್ಕೂ ಸೇರಿಸಿ ಮೂರು ಪಟ್ಟು ಮಾಡಿದರೂ 400 ನ್ಯೂಟನ್. ಘರ್ಷಣಾಂಕ 0.2 ಅಂದುಕೊಂಡು ಅದರಿಂದ ಭಾಗಿಸಿದರೆ 2000 ನ್ಯೂಟನ್ ಹಿಡಿತ ಸಾಕು. ಧೈರ್ಯಕ್ಕೆ ಅದನ್ನೂ ಎರಡು ಪಟ್ಟು ಮಾಡಿ, 4000. ಈಗ ಆಪರೇಟರ್ ಕಡೆ ನೋಡಿ. ಅವರು ಎಂ10 ಬೋಲ್ಟನ್ನು 50 ನ್ಯೂಟನ್ ಮೀಟರ್ ಟಾರ್ಕಿನಲ್ಲಿ ಬಿಗಿದರೆ ಆ ಒಂದು ಬೋಲ್ಟೇ ಸುಮಾರು 25,000 ನ್ಯೂಟನ್ ಕೊಡುತ್ತದೆ. ಪಟ್ಟಿಯಂಥ ಸ್ಟ್ರ್ಯಾಪ್ ಕ್ಲ್ಯಾಂಪಿನಲ್ಲಿ ಅರ್ಧ ಹಿಂದಿನ ಆಸರೆಗೆ ಹೋಯಿತು ಅಂದುಕೊಂಡರೂ ಉಳಿದದ್ದು ಬೇಕಾದ್ದಕ್ಕಿಂತ ಮೂರು ಪಟ್ಟು, ಅದೂ ಒಂದೇ ಕ್ಲ್ಯಾಂಪಿನಿಂದ! ತೆಳು ಅಲ್ಯೂಮಿನಿಯಂ ಬಗ್ಗದೆ ಇನ್ನೇನು ಮಾಡುತ್ತದೆ? ಅದಕ್ಕೇ ಇಂಥ ಜಾಬಿಗೆ ನಾನು ಹೈಡ್ರಾಲಿಕ್ ಸ್ವಿಂಗ್ ಕ್ಲ್ಯಾಂಪ್ ಕೇಳುತ್ತೇನೆ, ಪ್ರೆಷರ್ ಸೆಟ್ ಮಾಡಿಟ್ಟರೆ ಯಾರು ಶಿಫ್ಟಿಗೆ ಬಂದರೂ ಬಲ ಒಂದೇ. ಗಿರಾಕಿ ಅಷ್ಟು ದುಡ್ಡು ಹಾಕುವುದಿಲ್ಲ ಅಂದರೆ ಟಾಗಲ್ ಕ್ಲ್ಯಾಂಪ್, ಅಥವಾ ಟಾರ್ಕ್ ರೆಂಚ್ ಕೊಟ್ಟು ಟಾರ್ಕ್ ಎಷ್ಟು ಅಂತ ಫಿಕ್ಸ್‌ಚರ್ ಮೇಲೇ ಕೆತ್ತಿಸುತ್ತೇನೆ.

ಎರಡನೇ ಸೆಟ್ಟಿಂಗ್‌ನಲ್ಲಿ ಮಜಾ ಇರುವುದು ಜಾಬಿನ ಆ ಎರಡು ತೂತಿಗೆ ಕೂರುವ ಫಿಕ್ಸ್‌ಚರಿನ ಪಿನ್‌ಗಳಲ್ಲಿ. ತೂತು 10 ಎಚ್7, ಅಂದರೆ 10.000ರಿಂದ 10.015 ಮಿ.ಮೀ. ಪಿನ್ 10 ಜಿ6 ಇಟ್ಟರೆ 9.986ರಿಂದ 9.995. ಕಡಿಮೆ ಅಂದರೆ 5 ಮೈಕ್ರಾನ್ (ಮಿ.ಮೀ.ನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್), ಜಾಸ್ತಿ ಅಂದರೆ 29 ಮೈಕ್ರಾನ್ ಸಡಿಲ. ಜಾಬ್ ಮಧ್ಯದಿಂದ ಆ ಕಡೆ ಈ ಕಡೆ 14.5 ಮೈಕ್ರಾನ್ ಸರಿಯಬಹುದು. ಬೋರಿಗೆ ಕೊಟ್ಟಿರುವುದು ಡಯಾ 0.1, ಅಂದರೆ ಯಾವುದೇ ಒಂದು ದಿಕ್ಕಿಗೆ 50 ಮೈಕ್ರಾನ್. ಅದರಲ್ಲಿ ಮೂರರಲ್ಲೊಂದು ಪಾಲಿನ ಹತ್ತಿರ ಪಿನ್ನೇ ತಿಂದಿತು. ನನ್ನ ಮಿತಿ ಅದೇ, ಫಿಕ್ಸ್‌ಚರ್ ಮೂರರಲ್ಲೊಂದು ಪಾಲಿಗಿಂತ ಜಾಸ್ತಿ ತಿನ್ನಬಾರದು. ಉಳಿದದ್ದು ಮಷೀನಿಗೆ, ಟೂಲಿಗೆ, ಬಿಸಿಗೆ ಬೇಕು.

ಎರಡೂ ಪಿನ್ ಗುಂಡಗೆ ಇಟ್ಟರೆ ಏನಾಗುತ್ತದೆ? ತೂತುಗಳ ಅಂತರ 200 ಮಿ.ಮೀ., ಟಾಲರೆನ್ಸ್ ಪ್ಲಸ್ ಮೈನಸ್ 0.02. ನಮ್ಮ ಪಿನ್‌ಗಳ ಅಂತರ ಪ್ಲಸ್ ಮೈನಸ್ 0.01. ಎರಡೂ ಎದುರು ಬದುರು ಹೋದರೆ 0.03 ವ್ಯತ್ಯಾಸ. ಸಡಿಲ ಕಡಿಮೆ ಇರುವ ಜಾಬಿನಲ್ಲಿ ಎರಡು ಗುಂಡು ಪಿನ್ ಸಹಿಸುವುದು ಬರೀ 0.005. ಜಾಬ್ ಕೂರುವುದಿಲ್ಲ, ಆಪರೇಟರ್ ಸುತ್ತಿಗೆ ತರುತ್ತಾರೆ. ಹಾಗಾಗಿ ಒಂದು ಗುಂಡು ಪಿನ್, ಇನ್ನೊಂದು ಎರಡು ಪಕ್ಕ ಕಡಿದ ಡೈಮಂಡ್ ಪಿನ್. ಡೈಮಂಡ್ ಪಿನ್ನಿನ ಕಡಿದ ಭಾಗ ಇನ್ನೊಂದು ಪಿನ್ ಇರುವ ದಿಕ್ಕಿಗೆ ಇರಬೇಕು, ತಾಗುವ ಅಂಚು ಅದಕ್ಕೆ ಅಡ್ಡಡ್ಡ. ಅಸೆಂಬ್ಲಿಯಲ್ಲಿ ಇದನ್ನು ತೊಂಬತ್ತು ಡಿಗ್ರಿ ತಿರುಗಿಸಿ ಕೂರಿಸಿದರೆ ಆಟ ಮುಗಿಯಿತು. ತಿರುಗದ ಹಾಗೆ ಪಿನ್ನಿನ ಕಾಲರ್‌ಗೆ ಒಂದು ಫ್ಲಾಟ್ ಕೊಟ್ಟುಬಿಡಿ.

ಸಣ್ಣ ಸಂಗತಿ ಇನ್ನೊಂದು, ಯಾವ ಪಠ್ಯದಲ್ಲೂ ನಾನು ಓದಿದ್ದಲ್ಲ. ಗುಂಡು ಪಿನ್ನನ್ನು ಡೈಮಂಡ್ ಪಿನ್ನಿಗಿಂತ ಮೂರು ಮಿ.ಮೀ. ಎತ್ತರ ಇಡಿ. ಎರಡೂ ಒಂದೇ ಎತ್ತರ ಇದ್ದರೆ ಆಪರೇಟರ್ ಎರಡು ತೂತನ್ನೂ ಒಟ್ಟಿಗೆ ಹುಡುಕಬೇಕು. ಒಂದು ಮೊದಲು ಸಿಕ್ಕರೆ ಜಾಬನ್ನು ಅದರ ಸುತ್ತ ತಿರುಗಿಸಿ ಎರಡನೆಯದಕ್ಕೆ ಕೂರಿಸುತ್ತಾರೆ. ಇದನ್ನು ನನಗೆ ಹೇಳಿಕೊಟ್ಟವರು ವಿಎಂಸಿ ನಡೆಸುತ್ತಿದ್ದ ಹಾವೇರಿ ಕಡೆಯ ಹಿರಿಯರು. "ನೀವು ಒಂದ್ಸಲ ಹಾಕಿ ನೋಡ್ರಿ ಸರ, ನಾವು ದಿನಾ ಮುನ್ನೂರು ಸಲ ಹಾಕ್ತೀವಿ" ಅಂದರು. ಅಂದಿನಿಂದ ಮಾಡೆಲ್ ಮುಗಿದ ಮೇಲೆ ಕೈ ಎಲ್ಲಿ ಹೋಗುತ್ತದೆ, ಬೆರಳು ಎಲ್ಲಿ ಸಿಕ್ಕಿಕೊಳ್ಳುತ್ತದೆ, ಗ್ಲೌಸ್ ಹಾಕಿದ ಕೈಗೆ ಜಾಗ ಇದೆಯಾ ಅಂತ ನೋಡದೆ ಡ್ರಾಯಿಂಗ್ ಬಿಡುವುದಿಲ್ಲ.

ಚಿಪ್ಸ್ (ಕತ್ತರಿಸಿದ ಲೋಹದ ಚೂರು) ಬಗ್ಗೆಯೂ ಅಷ್ಟೇ. ರೆಸ್ಟ್ ಪ್ಯಾಡ್ ಚಿಕ್ಕದಿರಲಿ, ಬೇಸ್ ಪ್ಲೇಟಿಗಿಂತ ಎತ್ತರ ಇರಲಿ, ಕೂಲಂಟ್ ನಿಲ್ಲದೆ ಹರಿದುಹೋಗಲಿ. ಪ್ಯಾಡ್ ಮೇಲೆ 0.1 ಮಿ.ಮೀ.ನ ಒಂದು ಚಿಪ್ ಕೂತರೆ ನಿಮ್ಮ ಮೈಕ್ರಾನ್ ಲೆಕ್ಕವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು. ಪ್ಯಾಡ್ ಮತ್ತು ಪಿನ್ ಓಎಚ್‌ಎನ್‌ಎಸ್ ಅನ್ನುವ ಟೂಲ್ ಉಕ್ಕಿನಲ್ಲಿ ಮಾಡಿ ಹಾರ್ಡನ್ ಮಾಡಿಸುತ್ತೇನೆ, ಸವೆದಾಗ ಬಿಚ್ಚಿ ಬದಲಾಯಿಸಲು ಬರುವ ಹಾಗೆ.

ಬಿಸಿಯ ವಿಷಯ ಹೊಸಬರು ಲೆಕ್ಕಕ್ಕೇ ಹಿಡಿಯುವುದಿಲ್ಲ. ಸಿಎಂಎಂ (ಜಾಬ್ ಅಳೆಯುವ ಮಷೀನ್) ರೂಮು 20 ಡಿಗ್ರಿ. ಏಪ್ರಿಲ್‌ನಲ್ಲಿ ಶೆಡ್ ಒಳಗೆ 32 ಅನ್ನಿ. 200 ಮಿ.ಮೀ. ಅಲ್ಯೂಮಿನಿಯಂ ಆ 12 ಡಿಗ್ರಿಗೆ 55 ಮೈಕ್ರಾನ್ ಬೆಳೆಯುತ್ತದೆ, ಅಷ್ಟೇ ಉದ್ದದ ಉಕ್ಕು 28 ಮೈಕ್ರಾನ್. ತೂತಿನ ಅಂತರಕ್ಕೆ ಕೊಟ್ಟ ಟಾಲರೆನ್ಸ್ ಪ್ಲಸ್ ಮೈನಸ್ 20 ಮೈಕ್ರಾನ್! ಮಷೀನಿನಿಂದ ತೆಗೆದ ಜಾಬನ್ನು ಹಾಗೇ ಅಳೆದು ಮಷೀನಿನ ಆಫ್‌ಸೆಟ್ (ಟೂಲಿನ ಜಾಗದ ತಿದ್ದುಪಡಿ) ಬದಲಾಯಿಸಿದರೆ ಇಲ್ಲದ ತೊಂದರೆಯನ್ನು ನೀವೇ ಹುಟ್ಟಿಸಿದ ಹಾಗೆ. ಜಾಬ್ ತಣ್ಣಗಾಗುವವರೆಗೂ ಕಾಯಬೇಕು. ಪ್ರೊಡಕ್ಷನ್‌ನವರು ಬೈಯುತ್ತಾರೆ, ಬೈಯಲಿ.

ಓದಿದ್ದರಲ್ಲಿ ಏನು ಉಪಯೋಗಕ್ಕೆ ಬಂತು ಅಂದರೆ, ಡ್ರಾಯಿಂಗ್, ಮೆಟ್ರಾಲಜಿ, ಸ್ಟ್ರೆಂತ್ ಆಫ್ ಮೆಟೀರಿಯಲ್ಸ್, ಮ್ಯಾನುಫ್ಯಾಕ್ಚರಿಂಗ್ ಪ್ರೊಸೆಸ್. ಥರ್ಮೋಡೈನಮಿಕ್ಸ್ ನನ್ನ ಕೆಲಸಕ್ಕೆ ಬರಲಿಲ್ಲ, ಎಸಿ, ಎಂಜಿನ್ ಕಡೆ ಹೋಗುವವರಿಗೆ ಅದೇ ಮುಖ್ಯ. ಎಫ್‌ಇಎ (ಬಲ ಬಿದ್ದಾಗ ಏನಾಗುತ್ತದೆ ಅಂತ ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು) ನಾನು ಅಪರೂಪಕ್ಕೆ ಮಾಡಿಸುತ್ತೇನೆ, ಅದೂ ಕೈಲೆಕ್ಕ ಆದಮೇಲೆ. ಉತ್ತರ ಸುಮಾರು ಎಷ್ಟು ಬರಬೇಕು ಅಂತ ಗೊತ್ತಿಲ್ಲದವರಿಗೆ ಬಣ್ಣಬಣ್ಣದ ಸ್ಟ್ರೆಸ್ ಚಿತ್ರದಿಂದ ಏನೂ ತಿಳಿಯುವುದಿಲ್ಲ. ಡ್ರಾಯಿಂಗ್‌ನಲ್ಲಿ ಆಕಾರ, ಜಾಗದ ಟಾಲರೆನ್ಸ್ ಗುರುತಿಸುವ ಜಿಡಿ ಅಂಡ್ ಟಿ ಮಾತ್ರ ಬಿಡಬೇಡಿ. ಕ್ಯಾಡ್ ಕೋರ್ಸಿಗೆ ಹಾಕುವ ದುಡ್ಡಿನಲ್ಲಿ ಅರ್ಧ ಅದಕ್ಕೆ ಹಾಕಿ.

ಎಂಟೆಕ್ ಮಾಡಲಾ? ಗೇಟ್ ಪ್ರವೇಶ ಪರೀಕ್ಷೆ ಬರೆದು ಐಐಎಸ್‌ಸಿ, ಐಐಟಿಯಂಥ ಕಡೆ ಸೀಟು ಸಿಕ್ಕರೆ ಹೋಗಿ. ಅನಾಲಿಸಿಸ್, ಸಂಶೋಧನೆ ಕಡೆ ಮನಸ್ಸಿದ್ದರೂ ಹೋಗಿ. ಕೆಲಸ ಸಿಗಲಿಲ್ಲ ಅಂತ ಎರಡು ವರ್ಷ ತಳ್ಳುವುದಕ್ಕೆ ಬೇಡ. ಸಂಬಳದ ಮಾತು ನೇರವಾಗಿ ಹೇಳುತ್ತೇನೆ: ಶುರುವಿನಲ್ಲಿ ಐಟಿಗೆ ಹೋದ ಗೆಳೆಯರ ಅರ್ಧವೂ ನನಗೆ ಬರುತ್ತಿರಲಿಲ್ಲ. ಟೂಲಿಂಗ್‌ನಲ್ಲಿ ದುಡ್ಡು ನಿಧಾನ, ಸ್ವಂತವಾಗಿ ಒಂದು ಫಿಕ್ಸ್‌ಚರನ್ನು ಕೊಟೇಶನ್‌ನಿಂದ ಟ್ರಯಲ್‌ವರೆಗೂ ನಡೆಸಲು ಬಂದ ಮೇಲೆ ಏರುತ್ತದೆ. ಮನೆಯಲ್ಲಿ ಸಾಲ ಇದ್ದು, ತಕ್ಷಣ ದುಡ್ಡು ಬೇಕು ಅನ್ನುವವರು ಐಟಿಗೆ ಹೋದರೆ ನಾನು ತಪ್ಪು ಅನ್ನುವುದಿಲ್ಲ.

ಇಂಟರ್‌ವ್ಯೂಗೆ ಬರುವವರಿಗೆ ಒಂದು ಕೆಲಸ ಹೇಳುತ್ತೇನೆ. ಗುಜರಿ ಅಂಗಡಿಯಲ್ಲಿ ಹಳೇ ಸ್ಕೂಟರಿನ ಕ್ರ್ಯಾಂಕ್‌ಕೇಸ್ ಕವರೋ, ಪಂಪಿನ ಬಾಡಿಯೋ ಸಿಗುತ್ತದೆ, ಕೊಳ್ಳಿ. ವರ್ನಿಯರ್ ಹಿಡಿದು ಅಳೆದು ಡ್ರಾಯಿಂಗ್ ಮಾಡಿ, ಯಾವ ಫೇಸ್ ಮೊದಲು ಮಷೀನ್ ಆಗಿರಬೇಕು ಅಂತ ಟೂಲ್ ಗುರುತು ನೋಡಿ ಹುಡುಕಿ, ಅದಕ್ಕೆ ಒಂದು ಫಿಕ್ಸ್‌ಚರ್ ಬರೆಯಿರಿ. ಪಿನ್ನಿಗೆ ಯಾವ ಫಿಟ್, ಕ್ಲ್ಯಾಂಪ್ ಬಲ ಎಷ್ಟು, ಲೆಕ್ಕ ಪಕ್ಕದಲ್ಲೇ ಇರಲಿ. ಬರುವಾಗ ಆ ಪೀಸೂ ಜೊತೆಗೆ ತನ್ನಿ. ರೆಂಡರ್ ಮಾಡಿದ ಹೊಳೆಯುವ ಚಿತ್ರ ಬೇಡ, ಒಂದು ಎ3 ಶೀಟ್ ಸಾಕು.