ರೋಮನ್ ಸಿಪಾಯಿಯ ನಡುಪಟ್ಟಿಗೆ ಯಾವ ಬಣ್ಣ?

ಕ್ರಿ.ಶ. 4 ಮತ್ತು 5ನೇ ಶತಮಾನದ ರೋಮನ್ ಸೈನಿಕನ ಅಗಲವಾದ ನಡುಪಟ್ಟಿಯನ್ನು ಮತ್ತೆ ಮಾಡಿನೋಡುವ ಹವ್ಯಾಸಿಗಳು ಯೂರೋಪಿನಲ್ಲಿ ಬಹಳ. ಅವರಿಗೆ ಕಂಚಿನ ಕೆಲಸ ಅಷ್ಟೇನೂ ಕಷ್ಟವಲ್ಲ. ಇಂಗ್ಲೆಂಡಿನ ಡಾರ್ಚೆಸ್ಟರ್-ಆನ್-ಥೇಮ್ಸ್ ಬಳಿ 1874ರಲ್ಲಿ ಸಿಕ್ಕ ಸಮಾಧಿಯಂಥ ಕಡೆಗಳಿಂದ ಬಕಲು, ತುದಿಯ ತಗಡು ಮುಂತಾದವು ಬಂದಿವೆ; ಅವನ್ನು ನೋಡಿ ಎರಕ ಹೊಯ್ದರಾಯಿತು. ತೊಡಕೆಲ್ಲ ಚರ್ಮದ್ದು. ಅದು ಮಣ್ಣಿನಲ್ಲಿ ಕರಗಿಹೋಗಿರುತ್ತದೆ. ನೀರು ನಿಂತ ಕೆಸರಿನಲ್ಲಿ ಉಳಿದ ಚೂರುಗಳು ಕಪ್ಪಾಗಿರುತ್ತವೆ, ಆ ಕಪ್ಪನ್ನು ಬಣ್ಣಗಾರ ಹಾಕಿದ್ದೆಂದು ನಂಬಬೇಡಿ.

ಬಣ್ಣದ ಡಬ್ಬಿ ತೆರೆಯುವ ಮುಂಚೆ ಪಟ್ಟಿ ಯಾರದು ಎಂದು ತೀರ್ಮಾನಿಸಿ. ಆ ಕಾಲದಲ್ಲಿ ನಡುಪಟ್ಟಿ ಕಟ್ಟಿದವನೆಂದರೆ ಸರ್ಕಾರದ ಸೇವೆಯಲ್ಲಿದ್ದವನು. ಸಿಪಾಯಿಯಷ್ಟೇ ಅಲ್ಲ, ಕಚೇರಿಯ ಅಧಿಕಾರಿಯೂ ಕಟ್ಟುತ್ತಿದ್ದ. 6ನೇ ಶತಮಾನದಲ್ಲಿ ಪೂರ್ವ ರೋಮನ್ ಸಾಮ್ರಾಜ್ಯದ ರಾಜಧಾನಿಯಾದ ಕಾನ್‌ಸ್ಟಾಂಟಿನೋಪಲ್‌ನ ಅಧಿಕಾರಿಯಾಗಿದ್ದ ಜಾನ್ ಲೈಡಸ್, ಪ್ರಿಟೋರಿಯನ್ ಪ್ರಿಫೆಕ್ಟ್ ಎಂಬ ಹಿರಿಯ ಹುದ್ದೆಯವನ ಪಟ್ಟಿ ಕಡುಗೆಂಪು ಚರ್ಮದ್ದೆಂದು ಬರೆದಿಟ್ಟಿದ್ದಾನೆ. ಬರಹದಲ್ಲಿ ಇಷ್ಟು ನೇರವಾದ ಸಾಕ್ಷಿ ಸಿಗುವುದು ಅಪರೂಪ. ಆದರೆ ಅದು ದೊಡ್ಡವರ ಪಟ್ಟಿ. ಗಡಿ ಕಾಯುವ ಸಾಮಾನ್ಯ ಸಿಪಾಯಿಗೆ ಅದೇ ಕೆಂಪನ್ನು ಬಳಿದರೆ ಅಳಿಯನ ಶಾಲನ್ನು ಆಳಿಗೆ ಹೊದಿಸಿದಂತಾಗುತ್ತದೆ.

ಆಮೇಲೆ ಚಿತ್ರಗಳನ್ನು ನೋಡಿ, ಒಂದನ್ನಲ್ಲ, ಮೂರು ನಾಲ್ಕನ್ನು. ಸಿಸಿಲಿಯ ಪಿಯಾಝಾ ಆರ್ಮೆರಿನಾದಲ್ಲಿ 4ನೇ ಶತಮಾನದ ಬೇಟೆಯ ಮೊಸಾಯಿಕ್, ಅಂದರೆ ಕಲ್ಲಿನ ಚೂರು ಕೂರಿಸಿ ಮಾಡಿದ ಚಿತ್ರ, ಇದೆ. ಬಲ್ಗೇರಿಯಾದ ಸಿಲಿಸ್ಟ್ರಾದ ಸಮಾಧಿಯ ಗೋಡೆಯಲ್ಲಿ ಸೇವಕರು ಯಜಮಾನನ ಬಟ್ಟೆಬರೆಯ ಜೊತೆ ನಡುಪಟ್ಟಿಯನ್ನೂ ಹೊತ್ತು ನಿಂತಿದ್ದಾರೆ. ಇಂಥ ಚಿತ್ರಗಳಿಂದ ಕೆಂಪೋ ಕಂದೋ ಎಂಬುದನ್ನಷ್ಟೇ ತೆಗೆದುಕೊಳ್ಳಿ, ಛಾಯೆಯನ್ನು ತೆಗೆದುಕೊಳ್ಳಬೇಡಿ. ಮೊಸಾಯಿಕ್ ಮಾಡುವವನು ತನ್ನ ಬುಟ್ಟಿಯಲ್ಲಿದ್ದ ಕಲ್ಲಿನ ಚೂರನ್ನೇ ಕೂರಿಸಬೇಕಲ್ಲವೆ? ಕಂಪ್ಯೂಟರಿನಲ್ಲಿ ಫೋಟೊ ತೆರೆದು ಅದರ ಬಣ್ಣವನ್ನೇ ಹೀರಿ ತೆಗೆದು ಡೈ ಹೊಂದಿಸುವವರನ್ನು ಕಂಡರೆ ನನಗೆ ನಗು ಬರುತ್ತದೆ.

ಮೂರನೆಯದು ಚರ್ಮ, ಎಲ್ಲಕ್ಕಿಂತ ಮುಖ್ಯವಾದದ್ದು. ಮರದ ತೊಗಟೆಯಲ್ಲಿ ಹದ ಮಾಡಿದ ಚರ್ಮ ಮೊದಲೇ ಕಂದಾಗಿರುತ್ತದೆ. ಅದರ ಮೇಲೆ ಕೆಂಪು ಕೂತರೆ ಹಂಚಿನ ಬಣ್ಣ ಬರುತ್ತದೆಯೇ ಹೊರತು ಕುಂಕುಮದ ಬಣ್ಣವಲ್ಲ. ರೋಮನ್ನರು ಪಟಿಕದಲ್ಲಿ ಹದ ಮಾಡಿದ ಬಿಳಿ ಚರ್ಮವನ್ನೂ ಬಳಸುತ್ತಿದ್ದರು. ಅದರ ಮೇಲೆ ಬಣ್ಣ ಹೊಳೆಯುತ್ತದೆ, ಆದರೆ ಒದ್ದೆಯಾದರೆ ಪಟಿಕ ತೊಳೆದುಹೋಗಿ ಚರ್ಮ ಗಡುಸಾಗುತ್ತದೆ. ಸಿಪಾಯಿಯ ಪಟ್ಟಿಗೆ ನನ್ನ ಮತ ತೊಗಟೆ ಚರ್ಮಕ್ಕೆ.

ಈಗ ಬಣ್ಣ. ಕೆಂಪಿಗೆ ಮ್ಯಾಡರ್ ಗಿಡದ ಬೇರು. ಅದರ ಹತ್ತಿರದ ಬಂಧು ನಮ್ಮ ಮಂಜಿಷ್ಠ, ಗ್ರಂಧಿಗೆ ಅಂಗಡಿಯಲ್ಲೇ ಸಿಗುತ್ತದೆ. ಆದರೆ ಎರಡೂ ಒಂದೇ ಅಲ್ಲ. ಮ್ಯಾಡರಿನ ಕೆಂಪಿಗೆ ಮುಖ್ಯ ಕಾರಣವಾದ ಅಲಿಜರಿನ್ ಮಂಜಿಷ್ಠದಲ್ಲಿ ಅಷ್ಟಿಲ್ಲ. ಅಭ್ಯಾಸಕ್ಕೆ ಮಂಜಿಷ್ಠ ಸಾಕು, ಕೊನೆಯ ಪಟ್ಟಿಗೆ ಮ್ಯಾಡರನ್ನೇ ತರಿಸಿ. ಶ್ರೀಮಂತರ ಕಡುಗೆಂಪಿಗೆ ಓಕ್ ಜಾತಿಯ ಗಿಡದ ಮೇಲಿನ ಕರ್ಮೀಸ್ ಹುಳು ಇತ್ತು. ಕೊಚಿನೀಲ್ ಮಾತ್ರ ಬೇಡವೇ ಬೇಡ. ಅದು ಅಮೆರಿಕದ ಹುಳು, 16ನೇ ಶತಮಾನಕ್ಕೆ ಮುಂಚೆ ಯೂರೋಪಿಗೆ ಬಂದದ್ದಲ್ಲ. ಶಂಖದ ಹುಳುವಿನಿಂದ ತೆಗೆಯುವ ನೇರಳೆಯನ್ನೂ ಬಿಡಿ: ಅದು ಚಕ್ರವರ್ತಿಯ ಬಣ್ಣ, ಆ ನೇರಳೆಯ ರೇಷ್ಮೆಯನ್ನು ಖಾಸಗಿಯವರು ಇಟ್ಟುಕೊಳ್ಳಬಾರದೆಂದು 424ರಲ್ಲಿ ಕಾನೂನೇ ಬಂತು. ಈಜಿಪ್ಟಿನಲ್ಲಿ ಸಿಕ್ಕ ಹಳೆಯ ಪಾಕಪುಸ್ತಕವಾದ ಸ್ಟಾಕ್‌ಹೋಮ್ ಪಪೈರಸ್‌ನಲ್ಲಿ ನಕಲಿ ನೇರಳೆಯ ಪಾಕಗಳಿವೆ, ಆದರೆ ಅವು ಉಣ್ಣೆಗೆ. ಕಪ್ಪು ಬೇಕಿದ್ದರೆ ಸುಲಭ: ಮಾಚಿಕಾಯಿಯ ಕಷಾಯ, ಅನ್ನಭೇದಿ ಎಂಬ ಕಬ್ಬಿಣದ ಲವಣ. ಅನ್ನಭೇದಿಯಂಥ ಲವಣಕ್ಕೆ ಲ್ಯಾಟಿನ್‌ನಲ್ಲಿ ‘ಚಮ್ಮಾರರ ಕಪ್ಪು’ ಎಂದೇ ಹೆಸರು.

ಹಚ್ಚುವುದು ಹೀಗೆ. ಅದೇ ಹದದ ಚರ್ಮದ ಚೂರೊಂದಕ್ಕೆ ಮೊದಲು ಪಟಿಕದ ನೀರು ಸವರಿ. ಬೇರಿನ ಪುಡಿಯನ್ನು ರಾತ್ರಿಯಿಡೀ ನೆನೆಸಿ, ಬಿಸಿ ಮಾಡಿ, ಸೋಸಿ. ಕೈ ತಾಳುವಷ್ಟು ಬೆಚ್ಚಗಾದ ಮೇಲೆ ಬ್ರಷ್ಷಿನಿಂದ ಮೂರು ನಾಲ್ಕು ಸಲ ಹಚ್ಚಿ. ಕುದಿಯುವ ನೀರು ತಾಗಿದರೆ ಚರ್ಮ ಮುರುಟಿ ಕೆಟ್ಟೇಹೋಗುತ್ತದೆ. ಕಬ್ಬಿಣದ ಬಾಣಲೆ ಮುಟ್ಟಲೇಬೇಡಿ: ತೊಗಟೆಯ ಒಗರೂ ಕಬ್ಬಿಣವೂ ಸೇರಿದರೆ ಕೆಂಪು ಹೋಗಿ ಮಸಿ ಉಳಿಯುತ್ತದೆ. ಅಂಥದೊಂದು ಚೂರು ನನ್ನ ಮೇಜಿನ ಮೇಲೆ ಇನ್ನೂ ಇದೆ. ನೆರಳಲ್ಲಿ ಒಣಗಿಸಿ, ಎಣ್ಣೆ ಸವರಿ, ಮರುದಿನ ನೋಡಿ. ಎಣ್ಣೆ ಕುಡಿದ ಮೇಲೆ ಬಣ್ಣ ಗಾಢವಾಗುವುದರಿಂದ ಅದಕ್ಕೂ ಮೊದಲೇ ತೀರ್ಪು ಕೊಡಬೇಡಿ.

ಕೊನೆಗೆ ಕಂಚಿನ ಬಕಲನ್ನು ಆ ಚೂರಿನ ಮೇಲಿಟ್ಟು ಹಗಲಿನ ಬೆಳಕಿನಲ್ಲಿ ನೋಡಿ. ಮ್ಯೂಸಿಯಮ್ಮಿನ ಹಸಿರು ಕಿಲುಬಿನ ಬಕಲಲ್ಲ, ಉಜ್ಜಿ ಹಳದಿ ಮಾಡಿದ್ದು. ಸಿಪಾಯಿ ಕಟ್ಟಿದ್ದು ಅದನ್ನೇ. ಎಂಟು ಜನರ ತಂಡವಾದರೆ ಎಂಟು ಪಟ್ಟಿಗಳೂ ಒಂದೇ ಕೆಂಪಾಗಿರಲಿ ಎಂದು ಹಟ ಹಿಡಿಯಬೇಡಿ, ಒಂದು ಪಾತ್ರೆಯ ಬಣ್ಣ ಇನ್ನೊಂದು ಪಾತ್ರೆಗೆ ಹೊಂದಿದ್ದನ್ನು ನಾನಂತೂ ಕಂಡಿಲ್ಲ.