ಹೆಸರಿನ ಚೀಟಿಯಲ್ಲಿ ಇಂಕ್ ಹರಡದಂತೆ ಮಾಡಿದ್ದು

ಮನೆಯಲ್ಲಿ 24 ಜನರ ರಾತ್ರಿ ಊಟ. ಮೇಜಿಗೆ ಮಲ್ಲಿಗೆ ಮತ್ತು ಬಾಳೆಎಲೆಯ ಅಲಂಕಾರ. ಪ್ರತಿ ತಟ್ಟೆಯ ಪಕ್ಕ ಕೈಯಲ್ಲಿ ಬರೆದ ಹೆಸರಿನ ಚೀಟಿ ಇಡಬೇಕಿತ್ತು. ಹತ್ತಿಯ ಕೈಕಾಗದದ ಮೇಲೆ ಫೌಂಟನ್ ಪೆನ್ ಇಂಕಿನಲ್ಲಿ ಬರೆದರೆ ಗೆರೆಯ ಅಂಚು ಬೇರಿನ ಹಾಗೆ ಹರಡುತ್ತಿತ್ತು. 'ಕೃಷ್ಣ', 'ಲಕ್ಷ್ಮಿ' ತರಹದ ಹೆಸರುಗಳಲ್ಲಿ ಒತ್ತಕ್ಷರ ಮುಚ್ಚಿಹೋಗುತ್ತಿತ್ತು.

ಸಣ್ಣ ನಿಬ್ ಹಾಕಿದೆ, ಅದು ಕಾಗದದ ನಾರಿಗೆ ಸಿಕ್ಕಿಕೊಂಡಿತು. ಜೆಲ್ ಪೆನ್ ನಡುವೆ ನಡುವೆ ನಿಂತಿತು. ಇಸ್ತ್ರಿ ಮಾಡಿದರೆ ಕಾಗದ ಸಮವಾಯಿತು, ಇಂಕ್ ಮಾತ್ರ ಹರಡುತ್ತಲೇ ಇತ್ತು.

ಕಾಗದ ಬದಲಿಸಬೇಕಾಗಿರಲಿಲ್ಲ. ಇಂಕ್ ತುಂಬಾ ತೆಳು, ಅಷ್ಟೇ. ಅದರ ಬದಲು ಗುವಾಶ್ ತಂದೆ, ಅಂದರೆ ನೀರಿನಲ್ಲಿ ಕಲಸುವ, ದಟ್ಟವಾದ ಚಿತ್ರಕಲೆಯ ಬಣ್ಣ. ಬಟಾಣಿ ಕಾಳಿನಷ್ಟು ಬಣ್ಣಕ್ಕೆ ಡಿಸ್ಟಿಲ್ಡ್ ನೀರನ್ನು ಒಂದೊಂದೇ ಹನಿ ಹಾಕಿ ಕಲಸಿ. ಗಟ್ಟಿ ಹಾಲಿನ ಹದ ಬಂದಾಗ ನಿಲ್ಲಿಸಿ. ಆಮೇಲೆ ಗಮ್ ಅರೇಬಿಕ್ (ಬಣ್ಣವನ್ನು ಕಾಗದಕ್ಕೆ ಹಿಡಿದಿಡುವ ಮರದ ಅಂಟು) 2 ಹನಿ. ಜಾಸ್ತಿಯಾದರೆ ಒಣಗಿದ ಮೇಲೆ ಬಿರುಕು ಬಿಡುತ್ತದೆ. ನಿಬ್ಬನ್ನು ಬಣ್ಣದಲ್ಲಿ ಅದ್ದಬೇಡಿ, ಬ್ರಷ್‌ನಿಂದ ಅದಕ್ಕೆ ಬಣ್ಣ ತುಂಬಿ. ನನಗೆ ಸರಿಹೋದದ್ದು 1.5 ಮಿ.ಮೀ. ಚಪ್ಪಟೆ ನಿಬ್. ಮೊದಲು ಅದೇ ಕಾಗದದ ತುಂಡಿನ ಮೇಲೆ ಒಂದು ಗೆರೆ ಎಳೆದು ನೋಡಿ. ಹರಡಿದರೆ ಇನ್ನೊಂದು ಚೂರು ಬಣ್ಣ, ನಿಬ್ಬಿನಿಂದ ಇಳಿಯದಿದ್ದರೆ ಇನ್ನೊಂದು ಹನಿ ನೀರು.

ಚೀಟಿಯ ಕೆಳಗಿನ ಮೂರನೇ ಒಂದು ಭಾಗ ಒತ್ತಕ್ಷರಕ್ಕೆ ಖಾಲಿ ಬಿಡಿ. ಮೇಲಿನ ಅಕ್ಷರಗಳು ಒಣಗಿದ ಮೇಲೆಯೇ ಒತ್ತು ಬರೆಯಿರಿ. ಈ ಕ್ರಮ ತಪ್ಪಿದರೆ ಎರಡೂ ಕೂಡಿಕೊಳ್ಳುತ್ತವೆ.

ಗುವಾಶ್ ನೀರಿಗೆ ಕರಗುತ್ತದೆ. ಹಾಗಾಗಿ ನೀರು ಚಿಮುಕಿಸಿದ ಮಲ್ಲಿಗೆ ಚೀಟಿಗೆ ತಾಗಬಾರದು, ಹೂವನ್ನು ಒರೆಸಿ ಇಡಿ.